ಫಾರಂ ಕೋಳಿಗೆ ‘ಸಾಕು’ ಅನ್ನೋದು ಯಾಕೆ ಗೊತ್ತಾಗೋದಿಲ್ಲ?

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಈ ಸಲ ತೋಟದ ಶೆಡ್ಡಿನಲ್ಲಿ ಐವತ್ತು ಫಾರಂ ಮರಿ, ಐವತ್ತು ನಾಟಿ ಮರಿ ಒಂದೇ ದಿನ ಬಿಟ್ಟೆ. ಫೀಡ್ ಒಂದೇ, ನೀರು ಒಂದೇ. ನಾಲ್ಕು ವಾರಕ್ಕೆ ಫಾರಂ ಮರಿಗಳು ಕಿಲೋ ದಾಟಿವೆ. ನಾಟಿ ಮರಿಗಳು ಕಾಲು ಕಿಲೋ ಕೂಡ ಇಲ್ಲ. ಫಾರಂ ಮರಿಗಳು ಟ್ರೇ ಬಿಟ್ಟು ಏಳೋದೇ ಇಲ್ಲ. ನಾಟಿ ಮರಿಗಳು ನಾಲ್ಕು ಸಲ ಕುಕ್ಕಿ ಹೋಗಿಬಿಡುತ್ತವೆ. ಹಸಿವಿಗೆ ಲಿವರ್ ಟಾನಿಕ್ ಹಾಕಿ ಅಂತ ಅಂಗಡಿಯವರು ಹೇಳಿದರು. ಹಾಕಲೇ? ಇದು ಮಿದುಳಿನ ವಿಷಯವಾ, ತಳಿಯ ವಿಷಯವಾ? ಇನ್ನೊಂದು, ಕಾವಿಗೆ ಕೂತಿರುವ ನಮ್ಮ ಹಳೇ ಹೇಂಟೆ ಮೇವನ್ನು ಮುಟ್ಟುವುದೇ ಇಲ್ಲ. ಹೆದರಬೇಕಾ?

ಉತ್ತರ: ಮೊದಲು ಟಾನಿಕ್ ವಿಷಯ ಮುಗಿಸಿಬಿಡೋಣ. ಹಾಕಬೇಡಿ, ದುಡ್ಡು ಉಳಿಸಿ. ನಿಮ್ಮ ನಾಟಿ ಮರಿಗಳಿಗೆ ಹಸಿವಿನ ಕೊರತೆ ಇಲ್ಲ. ಹೊಟ್ಟೆ ತುಂಬಿದಾಗ ಅವಕ್ಕೆ ಗೊತ್ತಾಗುತ್ತದೆ, ಎದ್ದು ಹೋಗುತ್ತವೆ. ಫಾರಂ ಮರಿಗೆ ಆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ನೀವು ನಾಟಿ ಮರಿಯಲ್ಲಿ ತೊಂದರೆ ಹುಡುಕುತ್ತಿದ್ದೀರಿ. ಬದಲಾಗಿರುವುದು ಪಕ್ಕದ ಫಾರಂ ಮರಿ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಫೀಡ್ ಹಾಕಿ ಅರ್ಧ ಗಂಟೆ ಬಿಟ್ಟು ಎರಡೂ ಜಾತಿಯ ಒಂದೊಂದು ಮರಿಯನ್ನು ಕೈಗೆ ತಗೊಳ್ಳಿ. ಕತ್ತಿನ ಕೆಳಗೆ, ಎದೆಯ ಮೇಲ್ಭಾಗದಲ್ಲಿ ತಿಂದ ಮೇವು ಮೊದಲು ಬಂದು ನಿಲ್ಲುವ ಚೀಲ ಇರುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ನಾಟಿ ಮರಿಯದು ಕಡಲೆಕಾಯಿ ಗಾತ್ರ, ಮೆತ್ತಗೆ, ಒಳಗೆ ಇನ್ನೂ ಜಾಗ ಇದೆ ಅನ್ನಿಸುತ್ತದೆ. ಫಾರಂ ಮರಿಯದು ಬಿಗಿಯಾದ ಸಣ್ಣ ಚೆಂಡು. ಈಗ ಎರಡನ್ನೂ ಕೆಳಗೆ ಬಿಡಿ. ಚೆಂಡು ಹೊತ್ತ ಮರಿ ಮತ್ತೆ ಟ್ರೇ ಹತ್ತಿರ ಹೋಗಿ, ಎದೆ ನೆಲಕ್ಕೆ ಊರಿ, ಕೂತಲ್ಲೇ ತಿನ್ನುತ್ತದೆ. ಜಾಗ ಇದ್ದ ಮರಿ ಭತ್ತದ ಹೊಟ್ಟನ್ನು ಕೆದಕುತ್ತಾ ಮೂಲೆಗೆ ಹೋಗುತ್ತದೆ. ಈ ಲೆಕ್ಕ ಉಲ್ಟಾ ಇರಬೇಕಿತ್ತು, ಅಲ್ವಾ? ಚೀಲ ಖಾಲಿ ಇದ್ದದ್ದು ತಿನ್ನಬೇಕು, ತುಂಬಿದ್ದು ಏಳಬೇಕು. ಅಂದರೆ ಹೊಟ್ಟೆ ನೋಡಿದರೆ ಇದು ಅರ್ಥವಾಗುವುದಿಲ್ಲ. ತಲೆಯೊಳಗೆ ನೋಡಬೇಕು.

ಮಿದುಳಿನ ಅಡಿಯಲ್ಲಿ ಹೈಪೊಥಲಮಸ್ ಅನ್ನುವ ಪುಟ್ಟ ಭಾಗ ಇದೆ. ಹಸಿವು, ಬಾಯಾರಿಕೆ, ಮೈ ಬಿಸಿ, ಮೊಟ್ಟೆ ಇಡುವುದು ಎಲ್ಲದರ ಉಸ್ತುವಾರಿ ಇದರದೇ. ಇಲ್ಲಿ ಎರಡು ಬಗೆಯ ನರಕೋಶಗಳು ಅಕ್ಕಪಕ್ಕ ಇರುತ್ತವೆ. ಒಂದು ಗುಂಪು ‘ತಿನ್ನು’ ಅನ್ನುತ್ತದೆ. ನ್ಯೂರೋಪೆಪ್ಟೈಡ್ ವೈ ಮತ್ತು ಎಜಿಆರ್‌ಪಿ ಅನ್ನುವ ರಾಸಾಯನಿಕಗಳು ಇದರ ಮಾತು. ಇನ್ನೊಂದು ಗುಂಪು ‘ಸಾಕು’ ಅನ್ನುತ್ತದೆ. ಅದು ಬಿಡುವ ರಾಸಾಯನಿಕ ಆಲ್ಫಾ ಎಂಎಸ್‌ಎಚ್. ನ್ಯೂರೋಪೆಪ್ಟೈಡ್ ವೈಯನ್ನು ಮರಿಯ ಮಿದುಳಿಗೆ ಒಂದು ಹನಿ ಕೊಟ್ಟರೆ, ಆಗಷ್ಟೇ ತಿಂದು ಸುಮ್ನೆ ಕೂತಿದ್ದ ಮರಿ ಕೂಡ ಎದ್ದು ತಿನ್ನಲು ಶುರು ಮಾಡುತ್ತದೆ. ಇದು 1980ರ ದಶಕದಿಂದಲೇ ಗೊತ್ತಿರುವ ಸಂಗತಿ.

ಮಿದುಳು ಈ ತೀರ್ಮಾನವನ್ನು ಗಾಳಿಯಲ್ಲಿ ಮಾಡುವುದಿಲ್ಲ. ಅದಕ್ಕೆ ಕೆಳಗಿನಿಂದ ವರದಿ ಬರುತ್ತಲೇ ಇರಬೇಕು. ಚೀಲ ಮತ್ತು ಹೊಟ್ಟೆ ಹಿಗ್ಗಿದಾಗ ವೇಗಸ್ ಅನ್ನುವ ಉದ್ದನೆಯ ನರದ ಮೂಲಕ ಸುದ್ದಿ ಮೇಲೆ ಹೋಗುತ್ತದೆ. ಮೇವಿನ ಕೊಬ್ಬು, ಪ್ರೋಟೀನು ಕರುಳಿಗೆ ಇಳಿದಾಗ ಅಲ್ಲಿನ ಕೋಶಗಳು ಕೊಲೆಸಿಸ್ಟೋಕೈನಿನ್ ಅನ್ನುವ ಹಾರ್ಮೋನು ಬಿಡುತ್ತವೆ. ಚಿಕ್ಕದಾಗಿ ಸಿಸಿಕೆ ಅನ್ನೋಣ. ‘ಮೇವು ಬಂತು, ನಿಲ್ಲಿಸು’ ಅನ್ನುವುದೇ ಇದರ ಕೆಲಸ. ಸುದ್ದಿ ಕಳಿಸಿದರೆ ಮಾತ್ರ ಸಾಲದು. ಅದನ್ನು ಹಿಡಿದುಕೊಳ್ಳುವ ಕಿವಿಯೂ ಬೇಕು. ಆ ಕಿವಿಯ ಕೆಲಸ ಮಾಡುವುದು ಸಿಸಿಕೆ ಗ್ರಾಹಕ. ಈ ಕಿವಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ನಿಮ್ಮ ಪ್ರಶ್ನೆಯ ಒಂದು ದೊಡ್ಡ ತುಂಡು ಅಲ್ಲೇ ಇದೆ.

ತಳಿ ಮತ್ತು ಮಿದುಳು ಹೇಗೆ ಕೂಡಿಕೊಳ್ಳುತ್ತವೆ ಅಂತ ತೋರಿಸುವುದಕ್ಕೆ ಅಮೆರಿಕದ ವರ್ಜೀನಿಯಾದ ಕೋಳಿಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಬ್ಲ್ಯಾಕ್ಸ್‌ಬರ್ಗ್ ಊರಿನ ವಿಶ್ವವಿದ್ಯಾಲಯದಲ್ಲಿ ಪಾಲ್ ಸೀಗಲ್ ಅನ್ನುವ ವಿಜ್ಞಾನಿ 1957ರಲ್ಲಿ ಒಂದು ಕೆಲಸ ಶುರು ಮಾಡಿದರು. ಬಿಳಿ ಪ್ಲಿಮತ್ ರಾಕ್ ಕೋಳಿಗಳ ಒಂದೇ ಹಿಂಡು. ಮರಿಗಳಿಗೆ ಎಂಟು ವಾರ ಆದಾಗ ತೂಗುವುದು. ಅತಿ ಜಾಸ್ತಿ ತೂಗಿದವನ್ನು ಒಂದು ಕಡೆ, ಅತಿ ಕಡಿಮೆ ತೂಗಿದವನ್ನು ಇನ್ನೊಂದು ಕಡೆ ಬೆಳೆಸಿ, ಆಯಾ ಗುಂಪಿನೊಳಗೇ ಮರಿ ಮಾಡಿಸುವುದು. ಮುಂದಿನ ವರ್ಷ ಮತ್ತೆ ಅದೇ. ಬೇರೇನನ್ನೂ ಆರಿಸಲಿಲ್ಲ, ತೂಕ ಒಂದನ್ನೇ. ಐವತ್ತು ತಲೆಮಾರು ದಾಟುವ ಹೊತ್ತಿಗೆ ಎರಡು ಗುಂಪಿನ ತೂಕದಲ್ಲಿ ಹತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ ಬಂತು. ಒಂದೇ ಅಜ್ಜಿಯ ಮೊಮ್ಮಕ್ಕಳು, ಒಂದೇ ಫೀಡು, ಒಂದೇ ವಯಸ್ಸು. ಒಂದು ಅಂಗೈಯಲ್ಲಿ ಕೂರುತ್ತದೆ, ಇನ್ನೊಂದನ್ನು ಎರಡು ಕೈಯಲ್ಲಿ ಎತ್ತಬೇಕು.

ಅವರು ಆರಿಸಿದ್ದು ತೂಕ. ಕೈಗೆ ಬಂದದ್ದು ಮಾತ್ರ ಹಸಿವು. ಭಾರದ ಗುಂಪಿನ ಕೋಳಿಗಳು ನಿಲ್ಲಿಸದೆ ತಿಂದು ಬೊಜ್ಜು ಬೆಳೆಸಿಕೊಳ್ಳುತ್ತವೆ. ಎಂಟು ವಾರದ ನಂತರ ಅಳೆದು ಮೇವು ಕೊಡದಿದ್ದರೆ ಅವನ್ನು ಆರೋಗ್ಯವಾಗಿ ಉಳಿಸಿಕೊಂಡು ಮರಿ ಮಾಡಿಸುವುದೇ ಕಷ್ಟ. ಹಗುರ ಗುಂಪಿನಲ್ಲಿ ಇದರ ವಿರುದ್ಧ. ಕೆಲವು ಮರಿಗಳು ಮೊಟ್ಟೆಯಿಂದ ಬಂದ ಮೇಲೆ ತಿನ್ನಲು ಶುರುವೇ ಮಾಡುವುದಿಲ್ಲ. ಮೇವು ಮುಂದೆಯೇ ಇರುತ್ತದೆ. ಹೊಟ್ಟೆಯಲ್ಲಿ ಉಳಿದ ಹಳದಿ ಭಂಡಾರ ಮುಗಿದು, ಮೊದಲ ವಾರದಲ್ಲೇ ಸಾಯುತ್ತವೆ. ಇನ್ನು ಕೆಲವು ಬದುಕುತ್ತವೆ, ಆದರೆ ಮೊಟ್ಟೆ ಇಡುವಷ್ಟು ಮೈ ಎಂದೂ ಬರುವುದಿಲ್ಲ. ಈ ಭಾಗ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾಳಿನ ಮುಂದೆ ಕೂತು ಹಸಿವೇ ಆಗದೆ ಸಾಯುವ ಮರಿಯನ್ನು ಯೋಚಿಸಿ.

ಇದೇ ಕೋಳಿಗಳ ಮೇಲೆ ಮಾಡಿದ ಇನ್ನೊಂದು ಪ್ರಯೋಗ 1983ರಲ್ಲಿ ಪ್ರಕಟವಾಯಿತು. ಹೈಪೊಥಲಮಸ್‌ನ ನಡುಭಾಗದ ಕೆಳಗೆ ‘ಸಾಕು’ ಅನ್ನುವ ಕೆಲಸಕ್ಕೆ ಸೇರಿದ ಒಂದು ಜಾಗ ಇದೆ. ಅದನ್ನು ಕೆಡಿಸಿದರೆ ಪ್ರಾಣಿ ಅತಿಯಾಗಿ ತಿನ್ನುತ್ತದೆ. ಹಗುರ ಗುಂಪಿನ ಕೋಳಿಗಳಲ್ಲಿ ಆ ಜಾಗವನ್ನು ಕೆಡಿಸಿದರು. ಅವು ಜಾಸ್ತಿ ತಿಂದವು, ಕೊಬ್ಬು ಬಂತು. ಭಾರದ ಗುಂಪಿನಲ್ಲೂ ಅದನ್ನೇ ಮಾಡಿದರು. ಏನೂ ಬದಲಾಗಲಿಲ್ಲ. ಅವು ಮೊದಲಿನಂತೆಯೇ ತಿನ್ನುತ್ತಿದ್ದವು. ಕೆಡಿಸುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ ಅನ್ನುವ ಹಾಗೆ. ತೂಗಿ ತೂಗಿ ಆರಿಸಿದ್ದು ಶಸ್ತ್ರಚಿಕಿತ್ಸೆಯ ಕೆಲಸವನ್ನೇ ಮಾಡಿ ಮುಗಿಸಿತ್ತು. ಮಿದುಳಾ, ತಳಿಯಾ ಅಂತ ಕೇಳಿದ್ದಿರಲ್ಲ, ನನ್ನ ಉತ್ತರ ಈ ಪ್ರಯೋಗದಲ್ಲೇ ಇದೆ. ತಳಿ ಬದಲಾಗಿದೆ, ಅದು ಬದಲಾಗಿರುವುದು ಬಹುಮಟ್ಟಿಗೆ ಮಿದುಳಿನ ಮೂಲಕ. ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ.

ಹಾಗಾದರೆ ‘ಹಸಿವಿನ ಜೀನ್’ ಅಂತ ಒಂದು ಇದೆಯಾ? ಇಲ್ಲ. ವರ್ಜೀನಿಯಾದ ಎರಡು ಗುಂಪುಗಳನ್ನು ಕೂಡಿಸಿ, ಮೊಮ್ಮಕ್ಕಳ ತಲೆಮಾರಿನಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹುಡುಕಿದರು. ಸಿಕ್ಕಿದ್ದು ತೂಕಕ್ಕೆ ಸಂಬಂಧಿಸಿದ, ಜೀನುಗಳ ಸಾಲಿನಲ್ಲಿನ ಹತ್ತಕ್ಕೂ ಜಾಸ್ತಿ ಜಾಗಗಳು, ಒಂದೊಂದರದ್ದೂ ಚೂರು ಚೂರು ಪರಿಣಾಮ. ಕೆಲವು ಜಾಗಗಳು ಒಟ್ಟಿಗೆ ಬಂದಾಗ ಮಾತ್ರ ದೊಡ್ಡ ಫಲ ಕೊಡುತ್ತಿದ್ದವು. ಸಾರಿನ ಹಾಗೆ. ಹುಣಸೆ, ಉಪ್ಪು, ಬೆಲ್ಲ ಬೇರೆ ಬೇರೆ ನೆಕ್ಕಿದರೆ ಸಾರಿನ ರುಚಿ ಗೊತ್ತಾಗುವುದಿಲ್ಲ.

ಆದರೂ ಒಂದು ಜೀನ್ ಬಗ್ಗೆ ಹೇಳಲೇಬೇಕು. ಆಗ ಸಿಸಿಕೆಯ ಕಿವಿ ಅಂದೆನಲ್ಲ, ಅದನ್ನು ಮಾಡುವ ಜೀನ್ ಕೋಳಿಯ 4ನೇ ಕ್ರೋಮೋಸೋಮಿನಲ್ಲಿದೆ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯ ತಂಡ ಮಾಂಸದ ಕೋಳಿ ಮತ್ತು ಮೊಟ್ಟೆ ಕೋಳಿಯನ್ನು ಕೂಡಿಸಿ ತಲೆಮಾರುಗಳ ಕಾಲ ಬೆಳೆಸಿತು. ಇಬ್ಬರ ಜೀನುಗಳು ಚೆನ್ನಾಗಿ ಕಲೆತ ಮೇಲೆ ನೋಡಿದರೆ, ಈ ಜೀನಿನ ಒಂದು ಬಗೆ ಇದ್ದ ಕೋಳಿಗಳು ಬೇಗ ಬೆಳೆಯುತ್ತಿದ್ದವು. ಅವುಗಳಲ್ಲಿ ಸಿಸಿಕೆ ಗ್ರಾಹಕ ಕಡಿಮೆ ತಯಾರಾಗುತ್ತಿತ್ತು. ಸಿಸಿಕೆ ಚುಚ್ಚಿದರೆ ಬೇರೆ ಕೋಳಿಗಳು ತಿನ್ನುವುದನ್ನು ಇಳಿಸುತ್ತಿದ್ದವು, ಇವು ಅಷ್ಟಾಗಿ ಇಳಿಸುತ್ತಿರಲಿಲ್ಲ. 2013ರಲ್ಲಿ ಇದು ಪ್ರಕಟವಾಯಿತು. ಕರುಳು ಕೂಗುತ್ತಲೇ ಇದೆ, ಕಿವಿ ಮಂದವಾಗಿದೆ. ಇದಕ್ಕೇ ನಾನು ‘ಫಾರಂ ಕೋಳಿಗೆ ಹಸಿವು ಜಾಸ್ತಿ’ ಅನ್ನುವುದಕ್ಕಿಂತ ‘ಸಾಕು ಅನ್ನುವುದು ಕಡಿಮೆ’ ಅಂತ ಹೇಳುವುದು. ಸಾಕುವವರಿಗೆ ಇದು ದೊಡ್ಡ ವ್ಯತ್ಯಾಸ. ಹಸಿವು ಜಾಸ್ತಿ ಅಂದುಕೊಂಡರೆ ಮೇವು ಹಾಕಿ ಸಮಾಧಾನ ಮಾಡಬಹುದು ಅನ್ನಿಸುತ್ತದೆ. ಸಾಕು ಅನ್ನುವುದೇ ಕೇಳದಿದ್ದರೆ ಎಷ್ಟು ಹಾಕಿದರೂ ಸಮಾಧಾನ ಆಗುವುದಿಲ್ಲ.

ಟಾನಿಕ್ ಬೇಡ ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಮನುಷ್ಯರಲ್ಲಿ, ಇಲಿಗಳಲ್ಲಿ ಹಸಿವಿಗೆ ಕೆಲಸ ಮಾಡುವುದು ಕೋಳಿಯಲ್ಲೂ ಮಾಡುತ್ತದೆ ಅಂತ ನಂಬುವ ಹಾಗಿಲ್ಲ. ಗ್ರೆಲಿನ್ ಅನ್ನುವ ಹಾರ್ಮೋನು ನೋಡಿ. ನಮ್ಮ ಹೊಟ್ಟೆ ಖಾಲಿ ಇದ್ದಾಗ ಇದು ಏರುತ್ತದೆ, ಊಟ ಬೇಕು ಅನ್ನಿಸುತ್ತದೆ. ಅದನ್ನೇ ಕೋಳಿಮರಿಯ ಮಿದುಳಿಗೆ ಕೊಟ್ಟರೆ ಮರಿ ತಿನ್ನುವುದನ್ನೇ ನಿಲ್ಲಿಸುತ್ತದೆ. ಪೂರ್ತಿ ಉಲ್ಟಾ! ಜಪಾನಿನ ಸಂಶೋಧಕರು 2001ರಲ್ಲಿ ಇದನ್ನು ತೋರಿಸಿದಾಗ ಈ ವಿಷಯದಲ್ಲಿ ಕೆಲಸ ಮಾಡುವವರೆಲ್ಲ ಎದ್ದು ಕೂತರು. ಇಲಿಯಲ್ಲಿ ಹಸಿವು ಹೆಚ್ಚಿಸುವ ಒರೆಕ್ಸಿನ್ ಕೂಡ ಮರಿಗಳಲ್ಲಿ ಹಾಗೆ ಮಾಡುವುದಿಲ್ಲ.

ಲೆಪ್ಟಿನ್ ಕಥೆ ಇನ್ನೂ ಉದ್ದ. ನಮ್ಮ ಮೈಯ ಕೊಬ್ಬು ಲೆಪ್ಟಿನ್ ಬಿಟ್ಟು ‘ಭಂಡಾರ ತುಂಬಿದೆ’ ಅಂತ ಮಿದುಳಿಗೆ ತಿಳಿಸುತ್ತದೆ. ಕೋಳಿಯಲ್ಲೂ ಲೆಪ್ಟಿನ್ ಜೀನ್ ಸಿಕ್ಕಿತು ಅಂತ 1998ರಲ್ಲಿ ಸುದ್ದಿ ಬಂತು. ಆ ಜೀನ್ ಇಲಿಯದಕ್ಕೆ ಅನುಮಾನ ಬರುವಷ್ಟು ಹತ್ತಿರ ಇತ್ತು. ಬೇರೆಯವರು ಹುಡುಕಿದರೆ ಸಿಗಲಿಲ್ಲ. 2004ರಲ್ಲಿ ಕೋಳಿಯ ಇಡೀ ಜೀನೋಮ್ ಪ್ರಕಟವಾದ ಮೇಲೆಯೂ ಸಿಗಲಿಲ್ಲ. ಹತ್ತು ಹದಿನೈದು ವರ್ಷ ಜಗಳ ನಡೆಯಿತು. ಕೊನೆಗೆ ನಿಜವಾದ ಜೀನ್ ಸಿಕ್ಕಿತು, ಮೊದಲು ಹೇಳಿದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಇನ್ನೂ ಮುಖ್ಯವಾದದ್ದು, ಕೋಳಿಯ ಕೊಬ್ಬು ಲೆಪ್ಟಿನ್ ಬಿಡುವುದಿಲ್ಲ. ನಮ್ಮಲ್ಲಿ ಕೊಬ್ಬಿನಿಂದ ಮಿದುಳಿಗೆ ಇರುವ ಆ ದಾರಿ ಕೋಳಿಯಲ್ಲಿ ಇಲ್ಲ. ಮೈಯಲ್ಲಿ ಎಷ್ಟು ಕೊಬ್ಬು ತುಂಬಿದರೂ ಈ ದಾರಿಯಲ್ಲಿ ಎಚ್ಚರಿಕೆ ಬರುವುದಿಲ್ಲ.

ಈಗ ನಿಮ್ಮ ಫಾರಂ ಮರಿಗೆ ಮರಳೋಣ. ತಳಿ ಎಷ್ಟು ಬದಲಾಗಿದೆ ಅನ್ನುವುದಕ್ಕೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಒಂದು ಹೋಲಿಕೆ ಇದೆ. 1957ರ ಮತ್ತು 1978ರ ತಳಿಗಳನ್ನು ಬದಲಾಯಿಸದೆ ಉಳಿಸಿಕೊಂಡಿದ್ದರು. ಅವನ್ನೂ 2005ರ ಬ್ರಾಯ್ಲರನ್ನೂ ಒಂದೇ ಫೀಡ್ ಹಾಕಿ ಬೆಳೆಸಿದರು. 56ನೇ ದಿನ ತೂಗಿದಾಗ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ. ಇಂಜೆಕ್ಷನ್ ಕೊಟ್ಟು ಬೆಳೆಸುತ್ತಾರೆ ಅಂತ ನಮ್ಮ ಕಡೆ ಜನ ಹೇಳುವುದನ್ನು ನೀವೂ ಕೇಳಿರುತ್ತೀರಿ. ಈ ಮೂರು ಅಂಕಿಗಳ ನಡುವೆ ಇಂಜೆಕ್ಷನ್ ಇಲ್ಲ. ಇರುವುದು ಆರಿಸಿ ಆರಿಸಿ ಮಾಡಿದ ತಳಿ. ನಿಮ್ಮ ಶೆಡ್ಡಿನಲ್ಲಿ ನೀವು ಕಂಡಿದ್ದೂ ಇದೇ ಹೋಲಿಕೆ.

ಇದಕ್ಕೆ ಬೆಲೆ ತೆರುವವರು ಯಾರು ಅಂತಲೂ ಹೇಳಬೇಕು, ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ನಾವು ತಿನ್ನುವ ಬ್ರಾಯ್ಲರ್ ಆರು ವಾರದೊಳಗೆ ಮುಗಿದುಹೋಗುತ್ತದೆ. ಅದರ ಅಪ್ಪ ಅಮ್ಮ ಒಂದು ವರ್ಷಕ್ಕೂ ಹೆಚ್ಚು ಬದುಕಬೇಕು, ಮೊಟ್ಟೆ ಇಡಬೇಕು. ಅವಕ್ಕೂ ಇದೇ ಮಿದುಳು, ಇದೇ ಮಂದ ಕಿವಿ. ಬೇಕಾದಷ್ಟು ಹಾಕಿದರೆ ಬೊಜ್ಜು ಬಂದು, ಮೊಟ್ಟೆ ಇಡುವ ಕ್ರಮ ತಪ್ಪಿ, ಹೃದಯ ಕೈಕೊಟ್ಟು ಸಾಯುತ್ತವೆ. ಅದಕ್ಕೇ ಬೆಳೆಯುವ ವಯಸ್ಸಿನಲ್ಲಿ ಅವು ತಿನ್ನಬಹುದಾದ್ದರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮಾತ್ರ ಕೊಡುತ್ತಾರೆ. ಅಂಥ ಒಂದು ಫಾರಮ್ಮಿಗೆ ನಾನು ಮೇವಿನ ಹೊತ್ತಿಗೆ ಹೋಗಿದ್ದೆ. ಫೀಡ್ ಸಾಲು ಅಲುಗಾಡಿದ ಸದ್ದಿಗೇ ಸಾವಿರಾರು ಕೋಳಿ ಒಮ್ಮೆಗೇ ನುಗ್ಗಿದವು. ಹತ್ತು ಹನ್ನೆರಡು ನಿಮಿಷದಲ್ಲಿ ಎಲ್ಲ ಖಾಲಿ. ಆಮೇಲೆ ಅವು ಖಾಲಿ ತಗಡನ್ನು ಕುಕ್ಕುತ್ತಿದ್ದವು, ಗೋಡೆಯ ಕಲೆಯನ್ನು ಕುಕ್ಕುತ್ತಿದ್ದವು, ನೀರು ಕುಡಿಯುತ್ತಲೇ ಇದ್ದವು. ಮೇವು ಕಡಿಮೆ ಮಾಡಿದ ಇಂಥ ಕೋಳಿಗಳ ಹೈಪೊಥಲಮಸ್‌ನಲ್ಲಿ ‘ತಿನ್ನು’ ಅನ್ನುವ ಜೀನುಗಳು ಜೋರಾಗಿ ಕೆಲಸ ಮಾಡುತ್ತಿರುತ್ತವೆ ಅಂತ ಅಳೆದು ತೋರಿಸಿದ್ದಾರೆ. ಅವಕ್ಕೆ ನಿಜವಾಗಿಯೂ ಹಸಿವಾಗುತ್ತದೆ. ಅಭ್ಯಾಸವಾಗಿ ಹೋಗುತ್ತದೆ ಅನ್ನುವ ಮಾತು ಸರಿಯಲ್ಲ. ಹಾಕಿದರೆ ಕಾಯಿಲೆ, ಹಾಕದಿದ್ದರೆ ಹಸಿವು. ಈ ಇಕ್ಕಟ್ಟು ಮೇವಿನಿಂದ ಬಗೆಹರಿಯುವುದಿಲ್ಲ, ನಿಧಾನ ಬೆಳೆಯುವ ತಳಿಗಳಿಂದಲೇ ಬಗೆಹರಿಯಬೇಕು.

ನೀವು ಮಾಡಬೇಕಾದ್ದು ಹೀಗೆ. ಮೊದಲು ಎರಡೂ ಗುಂಪನ್ನು ಬೇರೆ ಮಾಡಿ. ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ, ಜೊತೆಗೆ ಟ್ರೇ ಹತ್ತಿರ ಭಾರದ ಮರಿಗಳು ಕೂತುಬಿಟ್ಟರೆ ಚಿಕ್ಕವಕ್ಕೆ ದಾರಿಯೇ ಇರುವುದಿಲ್ಲ. ನಾಟಿ ಮರಿಗಳಿಗೆ ಬ್ರಾಯ್ಲರ್ ಫೀಡ್ ಉದ್ದಕ್ಕೂ ಬೇಡ. ಅಷ್ಟು ದುಬಾರಿ ಪ್ರೋಟೀನನ್ನು ಮೈಗೆ ಹಾಕಿಕೊಳ್ಳುವ ತಳಿ ಅದಲ್ಲ. ಹಗಲು ಹೊರಗೆ ಬಿಡಿ. ಕಾಡುಕೋಳಿಯ ರಕ್ತ ಹತ್ತಿರ ಇದ್ದಷ್ಟೂ ಕೋಳಿಗೆ ಕೆದಕಿ ತಿನ್ನುವ ಆಸೆ ಜಾಸ್ತಿ. ಪುಕ್ಕಟೆ ಮೇವು ಪಕ್ಕದಲ್ಲೇ ಇದ್ದರೂ ಕೆಂಪು ಕಾಡುಕೋಳಿಗಳು ಹುಡುಕಿ ತಿನ್ನುವುದನ್ನು ಬಿಡುವುದಿಲ್ಲ, ಇದನ್ನು ಪ್ರಯೋಗದಲ್ಲೂ ಕಂಡಿದ್ದಾರೆ. ನಿಮ್ಮ ಮರಿ ನಾಲ್ಕು ಸಲ ಕುಕ್ಕಿ ಹೋಗುವುದು ಇದಕ್ಕೇ. ಅದರ ಊಟ ಇನ್ನೂ ಮುಗಿದಿಲ್ಲ, ಉಳಿದದ್ದನ್ನು ತೆಂಗಿನ ಬುಡದಲ್ಲಿ ಹುಡುಕುತ್ತಿದೆ.

ಫಾರಂ ಮರಿಗಳಿಗೆ ರಾತ್ರಿ ಕೆಲವು ಗಂಟೆ ಪೂರ್ತಿ ಕತ್ತಲೆ ಕೊಡಿ. ಕತ್ತಲಲ್ಲಿ ಅವು ತಿನ್ನುವುದಿಲ್ಲ, ಕಾಲಿಗೆ ಹೃದಯಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇವು ತೆಗೆದು ಮುಂಜಾನೆ, ಸಂಜೆ ಕೊಡಿ. ತಿಂದದ್ದು ಅರಗುವಾಗ ಮೈ ಬಿಸಿ ಏರುತ್ತದೆ, ಆ ಬಿಸಿಲಿನಲ್ಲಿ ಅದೇ ಪ್ರಾಣಕ್ಕೆ ಬರುತ್ತದೆ. ಆರೇಳು ವಾರ ದಾಟಿಸಿ ಇಟ್ಟುಕೊಳ್ಳುವ ಆಸೆ ಬೇಡ. ಎರಡರ ನಡುವಿನದು ಬೇಕು ಅನ್ನಿಸಿದರೆ ಮುಂದಿನ ಸಲ ಗಿರಿರಾಜ ನೋಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆ ಅಂತಲೇ ಮಾಡಿದ ತಳಿ ಅದು. ನಾಟಿಗಿಂತ ಬೇಗ ಬೆಳೆಯುತ್ತದೆ, ಓಡಾಡಿ ಮೇಯುತ್ತದೆ.

ನಾಟಿ ಮರಿ ಕಡಿಮೆ ತಿನ್ನುವುದು ಯಾವಾಗ ಕಾಯಿಲೆ? ಮೊದಲಿನಿಂದಲೂ ಕಡಿಮೆ ತಿಂದು ಚುರುಕಾಗಿದ್ದರೆ ಅದು ತಳಿ. ನಿನ್ನೆವರೆಗೂ ತಿನ್ನುತ್ತಿದ್ದದ್ದು ಇವತ್ತು ನಿಲ್ಲಿಸಿ, ರೆಕ್ಕೆ ಇಳಿಬಿಟ್ಟು ನಿಂತರೆ ಅದು ಕಾಯಿಲೆ. ಸೋಂಕು ತಗುಲಿದಾಗ ಮೈಯ ರಕ್ಷಣಾ ಕೋಶಗಳೇ ಮಿದುಳಿಗೆ ಹೇಳಿ ಹಸಿವು ಕೆಡಿಸುತ್ತವೆ. ಹಿಕ್ಕೆಯಲ್ಲಿ ರಕ್ತ ಇದೆಯಾ, ಜಂತು ಇದೆಯಾ ನೋಡಿ, ಪಶುವೈದ್ಯರಿಗೆ ತೋರಿಸಿ. ವಾರಕ್ಕೊಮ್ಮೆ ಐದು ಮರಿ ತೂಗಿ ಬರೆದಿಡಿ. ತೂಕ ನಿಧಾನವಾಗಿಯಾದರೂ ಏರುತ್ತಿದ್ದರೆ ಚಿಂತೆ ಬೇಡ.

ಇನ್ನು ಕಾವಿಗೆ ಕೂತ ಹೇಂಟೆ. ಹೆದರಬೇಡಿ. ನಿಮ್ಮ ಶೆಡ್ಡಿನಲ್ಲಿ ಮಿದುಳು ಅತಿ ಚೆನ್ನಾಗಿ ಕೆಲಸ ಮಾಡುತ್ತಿರುವುದು ಅವಳಲ್ಲೇ. ಕಾವಿನ ಹೊತ್ತಿಗೆ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುತ್ತದೆ, ಮೊಟ್ಟೆ ನಿಲ್ಲುತ್ತದೆ, ಹಸಿವೂ ಇಳಿಯುತ್ತದೆ. ಕಾಡುಕೋಳಿಗಳ ಮೇಲೆ ಮಾಡಿದ ಒಂದು ಪ್ರಯೋಗ 1980ರಲ್ಲಿ ಪ್ರಕಟವಾಯಿತು. ಗೂಡಿನ ಪಕ್ಕದಲ್ಲೇ ಮೇವು ಇಟ್ಟರೂ ಕಾವು ಕೂತ ಹೇಂಟೆಗಳ ತೂಕ ಇಳಿಯಿತು. ಕೆಲವು ದಿನ ಮೇವನ್ನೇ ಕೊಡದೆ ಇನ್ನಷ್ಟು ಇಳಿಸಿ, ಆಮೇಲೆ ಬೇಕಾದಷ್ಟು ಹಾಕಿದರು. ಅವು ತಿಂದವು, ಆದರೆ ಹಳೆಯ ತೂಕದವರೆಗೆ ಹೋಗಲಿಲ್ಲ. ಕಾವಿನ ಆ ದಿನಕ್ಕೆ ಎಷ್ಟು ಇರಬೇಕಿತ್ತೋ ಅಷ್ಟಕ್ಕೆ ಬಂದು ನಿಲ್ಲಿಸಿದವು. ಅಂದರೆ ‘ಇಷ್ಟು ಸಾಕು’ ಅನ್ನುವ ಗುರುತನ್ನು ಮಿದುಳೇ ದಿನದಿನಕ್ಕೆ ಕೆಳಗೆ ಇಳಿಸುತ್ತಾ ಬಂದಿರುತ್ತದೆ. ಹೊಟ್ಟೆ ಕಟ್ಟಿಕೊಂಡು ಕೂತಿದ್ದಾಳೆ ಅಂತ ನಮಗೆ ಕಾಣುತ್ತದೆ. ಆ ದಿನಗಳಲ್ಲಿ ಅವಳಿಗೆ ಬೇಕಾಗುವುದೇ ಅಷ್ಟು.

ಬಲವಂತವಾಗಿ ಎಬ್ಬಿಸಿ ತಿನ್ನಿಸಬೇಡಿ, ಮೊಟ್ಟೆ ತಣ್ಣಗಾಗುತ್ತದೆ. ಗೂಡಿನಿಂದ ಎರಡು ಮಾರು ದೂರದಲ್ಲಿ ಸ್ವಲ್ಪ ರಾಗಿ, ಒಡೆದ ಜೋಳ, ಶುದ್ಧ ನೀರು ಇಟ್ಟು ಸುಮ್ನೆ ಬಂದುಬಿಡಿ. ದಿನಕ್ಕೊಮ್ಮೆ ಎದ್ದು ಹದಿನೈದು ಇಪ್ಪತ್ತು ನಿಮಿಷದಲ್ಲಿ ತಿಂದು, ಕುಡಿದು, ಹಿಕ್ಕೆ ಹಾಕಿ, ವಾಪಸ್ ಹೋಗಿ ಕೂರುತ್ತಾಳೆ. ರಾತ್ರಿ ಬ್ಯಾಟರಿ ಹಿಡಿದು ಗೂಡಿನಲ್ಲಿ ಹೇನು ಇದೆಯಾ ಅಂತ ಮಾತ್ರ ಒಮ್ಮೆ ನೋಡಿ. ಇಪ್ಪತ್ತೊಂದನೆಯ ದಿನದ ಸುಮಾರಿಗೆ ಮರಿ ಎದ್ದ ಮೇಲೆ ಸಣ್ಣ ನುಚ್ಚು ಹಾಕಿ. ಅವಳು ಕೊಕ್ ಕೊಕ್ ಅಂತ ಕರೆದು, ನುಚ್ಚನ್ನು ಎತ್ತಿ ಬೀಳಿಸಿ, ಮರಿಗಳಿಗೆ ಮೊದಲು ತಿನ್ನಲು ಕಲಿಸುತ್ತಾಳೆ. ಅವಳ ಹಸಿವೂ ಆ ವಾರದಿಂದ ಮರಳಿ ಬರುತ್ತದೆ, ಆಗ ಅವಳಿಗೂ ಒಂದು ಹಿಡಿ ಜಾಸ್ತಿ ಹಾಕಿ.